ಗೋಡೆ ಎಷ್ಟು ಬೇಕು? ಜಕಾರ್ತಾದ ಇಸ್ತಿಕ್ಲಾಲ್ ಮಸೀದಿ: ಒಂದು ಪ್ರಕರಣ ಅಧ್ಯಯನ

ಒಂದು ಲಕ್ಷ ಜನ ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು, ಬಾಗಬೇಕು, ನೆಲಕ್ಕೆ ಹಣೆ ಹಚ್ಚಬೇಕು. ಹೊರಗೆ ವರ್ಷವಿಡೀ 32 ಡಿಗ್ರಿ ಆಸುಪಾಸಿನ ಬಿಸಿಲು, ಮೈಗೆ ಅಂಟುವ ಸೆಕೆ, ಮಧ್ಯಾಹ್ನ ಕಳೆದರೆ ಯಾವ ಗಳಿಗೆಯಲ್ಲಾದರೂ ಬೀಳಬಹುದಾದ ಮಳೆ. ಇಂಥ ಊರಿನಲ್ಲಿ ಇಂಥ ಕಟ್ಟಡಕ್ಕೆ ಗೋಡೆ ಎಷ್ಟು ಬೇಕು? ಇಸ್ತಿಕ್ಲಾಲ್ ಮಸೀದಿಯ ಬಗ್ಗೆ ಬರೆಯುವವರು ಹೆಚ್ಚಾಗಿ ಅದರ ಗುಮ್ಮಟದಿಂದ ಆರಂಭಿಸುತ್ತಾರೆ. ಅಲ್ಲಿನ ನಿಜವಾದ ಧೈರ್ಯ ಇರುವುದು ಗೋಡೆಯ ವಿಷಯದಲ್ಲಿ ಎಂದು ನನ್ನ ಅಭಿಪ್ರಾಯ. ಆ ಧೈರ್ಯ ಒಂದೇ ದಿನದ ಒಂದೇ ತೀರ್ಮಾನದಿಂದ ಬಂದದ್ದಲ್ಲ. ಜಾಗ, ಸ್ಪರ್ಧೆ, ನಕ್ಷೆ, ಹಣ ಹೀಗೆ ಹಲವು ತಿರುವುಗಳನ್ನು ದಾಟಿ ಅದು ಉಳಿದುಕೊಂಡ ಬಗೆಯನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಇಲ್ಲಿ ಕೆಲವೇ ಸಾರ್ವಜನಿಕ ವ್ಯಕ್ತಿಗಳ ಹೆಸರನ್ನಷ್ಟೇ ಬಳಸಿದ್ದೇನೆ. ತೀರ್ಪುಗಾರರು, ಸಮಿತಿಯವರು, ಎಂಜಿನಿಯರುಗಳು, ಕೆಲಸಗಾರರು ಅವರವರ ಹೊಣೆಯ ಮೂಲಕ ಮಾತ್ರ ಬರುತ್ತಾರೆ. ಯಾರು ಏನು ಮಾಡಿದರು ಎನ್ನುವುದಕ್ಕಿಂತ, ಯಾವ ನಿರ್ಧಾರದಿಂದ ಏನಾಯಿತು ಎಂಬುದೇ ಇಲ್ಲಿ ಮುಖ್ಯ.

ಹಿನ್ನೆಲೆ

ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿಕೊಂಡದ್ದು 1945ರ ಆಗಸ್ಟ್ 17ರಂದು. ಡಚ್ಚರು ಅದನ್ನು ಒಪ್ಪಿಕೊಳ್ಳುವ ಹೊತ್ತಿಗೆ 1949 ಮುಗಿಯುತ್ತಿತ್ತು. ಹೊಸ ದೇಶದ ರಾಜಧಾನಿಯಲ್ಲಿ ಡಚ್ಚರ ಕಾಲದ ದೊಡ್ಡ ಚರ್ಚುಗಳಿದ್ದವು, ಅರಮನೆಯಿತ್ತು, ವಿಶಾಲವಾದ ಮೈದಾನವಿತ್ತು. ದೇಶದ ಬಹುಸಂಖ್ಯಾತರು ಮುಸ್ಲಿಮರಾಗಿದ್ದರೂ ಇಡೀ ದೇಶದ್ದು ಎನ್ನಬಹುದಾದ ಮಸೀದಿ ಮಾತ್ರ ಇರಲಿಲ್ಲ. 1954ರ ಡಿಸೆಂಬರಿನಲ್ಲಿ ಮಸೀದಿ ಪ್ರತಿಷ್ಠಾನವೊಂದು ಹುಟ್ಟಿತು. ಸ್ವಾತಂತ್ರ್ಯ ಎಂಬ ಅರ್ಥದ ಅರಬ್ಬಿ ಪದವನ್ನೇ ಮಸೀದಿಗೆ ಹೆಸರಾಗಿ ಇಟ್ಟರು.

ಒಂದು ಸಂಗತಿಯನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇಂಡೋನೇಷ್ಯಾ ಇಸ್ಲಾಮಿಕ್ ರಾಷ್ಟ್ರವಾಗಿ ಹುಟ್ಟಲಿಲ್ಲ. ಪಂಚಶೀಲ ಎಂಬ ಐದು ತತ್ವಗಳ ಮೇಲೆ ಅದರ ಸಂವಿಧಾನ ನಿಂತಿದೆ, ಅವುಗಳಲ್ಲಿ ಮೊದಲನೆಯದು ಏಕದೇವರ ಮೇಲಿನ ನಂಬಿಕೆ. ಹಾಗಾಗಿ ಕಟ್ಟಬೇಕಿದ್ದ ಮಸೀದಿ ಪೂರ್ತಿ ಪ್ರಾರ್ಥನೆಯ ಮನೆಯಾಗಿರಬೇಕಿತ್ತು, ಜೊತೆಗೆ ಬೇರೆ ಧರ್ಮದವರೂ ತಮ್ಮ ದೇಶದ್ದೆಂದು ಹೇಳಿಕೊಳ್ಳಬಹುದಾದ ಕಟ್ಟಡವೂ ಆಗಬೇಕಿತ್ತು.

ಮೊದಲ ತಿರುವು: ಜಾಗ

ನಕ್ಷೆಗಿಂತ ಹೆಚ್ಚು ತಿಕ್ಕಾಟ ನಡೆದದ್ದು ಜಾಗದ ಮೇಲೆ. ಅಧ್ಯಕ್ಷ ಸುಕರ್ಣೊ ಮತ್ತು ಉಪಾಧ್ಯಕ್ಷ ಮೊಹಮ್ಮದ್ ಹತ್ತಾ ಇಬ್ಬರೂ ಸ್ವಾತಂತ್ರ್ಯ ಹೋರಾಟದ ಒಡನಾಡಿಗಳು. ಈ ವಿಷಯದಲ್ಲಿ ಮಾತ್ರ ಎದುರುಬದುರಾದರು. ಹತ್ತಾ ಅವರ ಒಲವು ತಮ್ರಿನ್ ರಸ್ತೆಯ ಕಡೆಗಿತ್ತು. ಅಲ್ಲಿ ಸುತ್ತಲೂ ಜನವಸತಿ ಇದೆ, ನಮಾಜಿಗೆ ಬರುವವರು ಹತ್ತಿರದಲ್ಲೇ ಇದ್ದಾರೆ, ಖರ್ಚೂ ಕಡಿಮೆ ಎಂಬುದು ಅವರ ವಾದ. ಸುಕರ್ಣೊ ತೋರಿಸಿದ್ದು ಮೆರ್ದೆಕಾ ಮೈದಾನದ ಪಕ್ಕದ ವಿಲ್ಹೆಲ್ಮಿನಾ ಉದ್ಯಾನವನ್ನು. ಅಲ್ಲಿ ಡಚ್ಚರ ಹಳೆಯ ಕೋಟೆಯ ಅವಶೇಷವಿತ್ತು. ಅದನ್ನು ಒಡೆದು ತೆಗೆಯುವುದಕ್ಕೇ ದೊಡ್ಡ ಮೊತ್ತ ಬೇಕಾಗುತ್ತದೆ ಎಂದು ಹತ್ತಾ ಎಚ್ಚರಿಸಿದ್ದರು.

ಸುಕರ್ಣೊ ಅವರ ಹಟದ ಹಿಂದೆ ಜಾವಾ ದ್ವೀಪದ ಹಳೆಯ ಊರುಗಳ ವಿನ್ಯಾಸವಿತ್ತು. ಅಲ್ಲಿ ಊರ ನಡುವೆ ಅಲುನ್-ಅಲುನ್ ಎಂಬ ಬಯಲು, ಒಂದು ಬದಿಗೆ ಅರಮನೆ, ಪಶ್ಚಿಮಕ್ಕೆ ಮಸೀದಿ. ರಾಜಧಾನಿಯ ದೊಡ್ಡ ಮೈದಾನದ ಬಳಿ ಅಧ್ಯಕ್ಷರ ಅರಮನೆ ಆಗಲೇ ಇತ್ತು, ಮಸೀದಿಯ ಜಾಗ ಖಾಲಿ ಇತ್ತು. ಇನ್ನೊಂದು ಮಾತೂ ಇದೆ. ಆ ಉದ್ಯಾನದ ಎದುರಿಗೇ 1901ರಲ್ಲಿ ಪೂರ್ಣಗೊಂಡ ಕ್ಯಾಥೊಲಿಕ್ ಕೆಥೀಡ್ರಲ್ ಇದೆ, ಸ್ವಲ್ಪ ದೂರದಲ್ಲಿ ಪ್ರಾಟೆಸ್ಟಂಟರ ಇಮ್ಮಾನುಯೆಲ್ ಚರ್ಚ್ ಇದೆ. ಮಸೀದಿಯನ್ನು ಅವುಗಳ ಮಗ್ಗುಲಲ್ಲಿ ನಿಲ್ಲಿಸುವುದು ಸೌಹಾರ್ದದ ಸಂಕೇತವಾಗಲಿ ಎಂಬ ಆಶಯವೂ ಆ ಆಯ್ಕೆಯಲ್ಲಿತ್ತು ಎನ್ನುತ್ತಾರೆ.

ಗೆದ್ದದ್ದು ಸುಕರ್ಣೊ. ಹತ್ತಾ ಸೂಚಿಸಿದ ಜಾಗದಲ್ಲಿ 1962ರಲ್ಲಿ ಹೋಟೆಲ್ ಇಂಡೋನೇಷ್ಯಾ ತಲೆಯೆತ್ತಿತು. ಖರ್ಚಿನ ಲೆಕ್ಕದಲ್ಲಿ ಹತ್ತಾ ಹೇಳಿದ್ದೇ ಸರಿ ಎಂದು ಈಗಲೂ ನನಗೆ ಅನಿಸುತ್ತದೆ. ಆದರೆ ಉದ್ಯಾನದ ಜಾಗ ಕೊಟ್ಟ ಒಂದು ಅನುಕೂಲವನ್ನು ಆಗ ಯಾರೂ ಅಷ್ಟಾಗಿ ಎತ್ತಿ ಹೇಳಿದಂತಿಲ್ಲ. ಒಂಬತ್ತು ಹೆಕ್ಟೇರಿಗೂ ಹೆಚ್ಚಿನ ಆ ನಿವೇಶನದಲ್ಲಿ ಮರಗಳಿದ್ದವು, ಚಿಲಿವುಂಗ್ ನದಿಯ ಕವಲಿತ್ತು, ಸುತ್ತಲೂ ಗಾಳಿಯಾಡುವ ಬಯಲಿತ್ತು. ಮುಂದೆ ಬಂದ ಗೋಡೆಯಿಲ್ಲದ ನಕ್ಷೆ ನಿಂತದ್ದು ಈ ಬಯಲನ್ನು ನೆಚ್ಚಿಕೊಂಡೇ.

ಎರಡನೆಯ ತಿರುವು: ಹೆಸರು ಕಾಣದ ಸ್ಪರ್ಧೆ

1955ರ ಫೆಬ್ರವರಿಯಲ್ಲಿ ನಕ್ಷೆಗಳಿಗಾಗಿ ಸಾರ್ವಜನಿಕ ಸ್ಪರ್ಧೆ ಘೋಷಣೆಯಾಯಿತು. ಸ್ವತಃ ಸಿವಿಲ್ ಎಂಜಿನಿಯರಿಂಗ್ ಓದಿದ್ದ ಸುಕರ್ಣೊ ತೀರ್ಪುಗಾರರ ಮಂಡಳಿಯ ಮುಖ್ಯಸ್ಥರಾದರು. ಮಂಡಳಿಯಲ್ಲಿ ಎಂಜಿನಿಯರುಗಳೂ ಇದ್ದರು, ಉಲೇಮಾಗಳು ಎನಿಸಿದ ಹೆಸರಾಂತ ಇಸ್ಲಾಂ ಧರ್ಮಪಂಡಿತರೂ ಇದ್ದರು. ಸ್ಪರ್ಧಿಗಳು ಹೆಸರಿನ ಬದಲು ಒಂದು ಸಂಕೇತಪದವನ್ನು ಬರೆದು ನಕ್ಷೆ ಸಲ್ಲಿಸಬೇಕಿತ್ತು. ಜುಲೈನಲ್ಲಿ ಗೆದ್ದ ನಕ್ಷೆಯ ಮೇಲಿದ್ದ ಪದ ‘ಕೆತುಹಾನನ್’, ಅಂದರೆ ದೈವತ್ವ. ಲಕೋಟೆ ಬಿಚ್ಚಿದಾಗ ಹೊರಬಂದ ಹೆಸರು ಫ್ರೆಡರಿಕ್ ಸಿಲಾಬಾನ್. ಉತ್ತರ ಸುಮಾತ್ರಾದ ಬತಕ್ ಸಮುದಾಯದ ಪ್ರಾಟೆಸ್ಟಂಟ್ ಕ್ರೈಸ್ತ, 1912ರಲ್ಲಿ ಹುಟ್ಟಿದವರು, ತಾಂತ್ರಿಕ ಶಾಲೆಯಲ್ಲಿ ಕಲಿತು ಬೊಗೊರ್ ನಗರದ ಲೋಕೋಪಯೋಗಿ ಕೆಲಸದ ಹೊಣೆ ಹೊತ್ತಿದ್ದವರು.

ದೇಶದ ಮಸೀದಿಯನ್ನು ಕ್ರೈಸ್ತರೊಬ್ಬರು ವಿನ್ಯಾಸ ಮಾಡುವುದೇ ಎಂಬ ಪ್ರಶ್ನೆ ಏಳದೇ ಇರಲು ಸಾಧ್ಯವಿರಲಿಲ್ಲ. ಆ ಪ್ರಶ್ನೆ ಕೆಲಸವನ್ನು ಕೆಡಿಸದೆ ಹೋದದ್ದಕ್ಕೆ ಕಾರಣ ಸ್ಪರ್ಧೆಯ ಕ್ರಮದಲ್ಲಿದೆ. ಉಲೇಮಾಗಳು ತೂಗಿ ನೋಡಿದ್ದು ನಕ್ಷೆಯನ್ನು. ಒಪ್ಪಿಗೆ ಕೊಟ್ಟ ಮೇಲೆಯೇ ಅದರ ಒಡೆಯ ಯಾರೆಂದು ತಿಳಿದದ್ದು. ಒಪ್ಪಿದವರ ಪೈಕಿ ಧರ್ಮದ ವಿಷಯದಲ್ಲಿ ಮಾತಿಗೆ ತೂಕವಿದ್ದವರೇ ಇದ್ದುದರಿಂದ ಹೊರಗಿನ ಗೊಣಗಾಟಕ್ಕೆ ಬೇರು ಸಿಗಲಿಲ್ಲ. ಇಂಥ ಯೋಜನೆಯನ್ನು ಕೈಗೆತ್ತಿಕೊಳ್ಳುವ ಯಾವ ಸಮಿತಿಯಾದರೂ ಈ ಘಟ್ಟವನ್ನು ಗಮನವಿಟ್ಟು ಓದಬೇಕು ಎಂಬುದು ನನ್ನ ಕಳಕಳಿ.

ಮೂರನೆಯ ತಿರುವು: ನಕ್ಷೆಯೊಳಗಿನ ತೀರ್ಮಾನಗಳು

ಜಾವಾದ ಹಳೆಯ ಮಸೀದಿಗಳಿಗೆ ಗುಮ್ಮಟವಿರಲಿಲ್ಲ. ದೆಮಾಕ್‌ನ ಪ್ರಸಿದ್ಧ ಮಸೀದಿಯಲ್ಲಿ ಈಗಲೂ ಕಾಣುವಂತೆ ನಡುವೆ ನಾಲ್ಕು ದೊಡ್ಡ ಮರದ ಕಂಬ, ಮೇಲೆ ಮೂರು ಅಂತಸ್ತಿನ ಇಳಿಜಾರು ಮಾಡು. ಮಳೆ ಸರಾಗವಾಗಿ ಜಾರಿಹೋಗುತ್ತದೆ, ಬಿಸಿಗಾಳಿ ಮಾಡುಗಳ ಸಂದಿನಿಂದ ಹೊರಗೆ ಹೋಗುತ್ತದೆ. ಆದರೆ ಹತ್ತಾರು ಸಾವಿರ ಜನರನ್ನು ಒಂದೇ ಸೂರಿನಡಿ ಕೂಡಿಸಲು ಮರದ ತೊಲೆಗಳು ಸಾಲುವುದಿಲ್ಲ. ಶತಮಾನಗಳ ಕಾಲ ಬಾಳುವ ಕಾಂಕ್ರೀಟು ಮತ್ತು ಉಕ್ಕಿನ ಕಟ್ಟಡವೇ ಬೇಕು ಎಂಬುದು ಸುಕರ್ಣೊ ಅವರ ಪಟ್ಟೂ ಆಗಿತ್ತು.

ಸಿಲಾಬಾನ್ ಹಳೆಯ ಮಾಡನ್ನು ಕೈಬಿಟ್ಟರು, ಅದರ ಹಿಂದಿನ ವಿವೇಕವನ್ನು ಬಿಡಲಿಲ್ಲ. ಉಷ್ಣವಲಯದ ಕಟ್ಟಡಕ್ಕೆ ಮೊದಲು ಬೇಕಾದದ್ದು ನೆರಳು, ಆಮೇಲೆ ಗಾಳಿ ಎಂಬುದು ಅವರ ಜೀವಮಾನದ ನಂಬಿಕೆ. ಮುಖ್ಯ ಪ್ರಾರ್ಥನಾಂಗಣದ ಸುತ್ತ ತುಂಬು ಗೋಡೆಯ ಜಾಗದಲ್ಲಿ ಎತ್ತರೆತ್ತರದ ತೆರಪುಗಳು, ಅವುಗಳಿಗೆ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ. ಹೊರಬದಿಗೆ ಆಳವಾದ ಮೊಗಸಾಲೆ. ನಮ್ಮ ಕಡೆಯ ಹಳೆಯ ಮನೆಗಳ ಜಗಲಿ ಮಾಡುವ ಕೆಲಸವನ್ನೇ ಈ ಮೊಗಸಾಲೆ ಮಾಡುತ್ತದೆ: ಬಿಸಿಲು, ಇರಚಲು ಎರಡೂ ಅಲ್ಲೇ ನಿಲ್ಲುತ್ತವೆ, ಒಳಕ್ಕೆ ಗಾಳಿ ಮಾತ್ರ ಬರುತ್ತದೆ.

ಈ ಜಾಲರಿಯನ್ನು ಹತ್ತಿರದಿಂದ ನೋಡಬೇಕು. ದೂರದಿಂದ ಅಲಂಕಾರದಂತೆ ಕಾಣುವ ಜ್ಯಾಮಿತಿಯ ಕಣ್ಣುಗಳು ಹತ್ತಿರ ಹೋದರೆ ಬೆಳಕನ್ನು ಸೋಸುವ ಜರಡಿ. ಹೊರಗಿನ ಬಿಳಿ ಬಿಸಿಲು ಅವುಗಳನ್ನು ಹಾದು ಬರುವಷ್ಟರಲ್ಲಿ ಕಣ್ಣು ಕುಕ್ಕುವುದನ್ನು ನಿಲ್ಲಿಸಿರುತ್ತದೆ. ಬಾಗಿಲು ತೆರೆಯುವ, ಮುಚ್ಚುವ ಪ್ರಶ್ನೆಯೇ ಇಲ್ಲ. ಜುಮ್ಮಾ ನಮಾಜಿಗೆ ತಡವಾಗಿ ಬಂದವರು ಒಳಗೆ ಜಾಗವಿಲ್ಲದೆ ಮೊಗಸಾಲೆಯಲ್ಲಿ ಸಾಲು ಹಿಡಿದರೂ ಪ್ರಾರ್ಥನೆಯ ಹೊರಗೆ ಉಳಿದಂತಾಗುವುದಿಲ್ಲ. ಗೋಡೆ ಅಡ್ಡ ಬಾರದಿರುವುದರಿಂದ ಸಾಲುಗಳು ಒಂದರ ಹಿಂದೆ ಒಂದು ಹೊರಕ್ಕೆ ಬೆಳೆಯುತ್ತ ಹೋಗುತ್ತವೆ. ನನ್ನ ದೃಷ್ಟಿಯಲ್ಲಿ ಈ ಕಟ್ಟಡದ ದೊಡ್ಡ ಗುಣ ಇದೇ.

ಅಂಗಣದ ನಡುವೆ 12 ಕಂಬಗಳು ವೃತ್ತಾಕಾರದಲ್ಲಿ ನಿಂತು 45 ಮೀಟರ್ ವ್ಯಾಸದ ಗುಮ್ಮಟವನ್ನು ಹೊತ್ತಿವೆ. ಗುಮ್ಮಟ ಕಲ್ಲಿನದಲ್ಲ, ಉಕ್ಕಿನ ಹಂದರದ್ದು. ಹಾಗಾಗಿಯೇ ಅಷ್ಟು ಅಗಲದ ಚಾವಣಿಗೆ 12 ಕಂಬ ಸಾಕಾದವು. ಕಂಬವೊಂದರ ವ್ಯಾಸ ಎರಡೂವರೆ ಮೀಟರಿಗೂ ಹೆಚ್ಚು, ಮೈಗೆಲ್ಲ ಸ್ಟೇನ್‌ಲೆಸ್ ಸ್ಟೀಲಿನ ಹೊದಿಕೆ. ಪಕ್ಕದಲ್ಲಿ ನಿಂತರೆ ಆ ಬಾಗಿದ ಮೈಯಲ್ಲಿ ಕೆಂಪು ಜಮಖಾನೆ, ಅದರ ಮೇಲೆ ಕುಳಿತವರ ಸಾಲು ತೆಳ್ಳಗೆ ಎಳೆದಂತೆ ಪ್ರತಿಫಲಿಸುತ್ತವೆ. ಅಷ್ಟು ದಪ್ಪದ ಕಂಬದ ಭಾರ ಕಣ್ಣಿಗೆ ತಟ್ಟದಿರುವುದು ಈ ಹೊಳಪಿನಿಂದ. ಸುತ್ತ ನಾಲ್ಕು ಉಪ್ಪರಿಗೆಗಳು, ನೆಲದ ಅಂಗಣ ಸೇರಿ ಐದು ಹಂತ. ಉಪ್ಪರಿಗೆಯಲ್ಲಿರುವವರಿಗೂ ಗುಮ್ಮಟದ ಕೆಳಗಿನ ಬಯಲು ಕಾಣುತ್ತದೆ. ಮುಖ್ಯ ಅಂಗಣ ನೆಲಮಟ್ಟದಿಂದ ಒಂದು ಅಂತಸ್ತು ಮೇಲಿದೆ, ವುಜು, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ನೀರಿನ ಜಾಗ ಮತ್ತು ಕಚೇರಿಗಳು ಕೆಳಗಿವೆ. ಪದೇ ಪದೇ ನೆರೆ ಕಾಣುವ ನಗರದಲ್ಲಿ ಇದೂ ಸಣ್ಣ ಅನುಕೂಲವಲ್ಲ.

ದಿಕ್ಕಿನ ಸಮಸ್ಯೆಯನ್ನು ಪರಿಹರಿಸಿದ ಬಗೆ ಇನ್ನೂ ಸೊಗಸು. ಜಕಾರ್ತಾದಿಂದ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡಬೇಕಾದ ಮೆಕ್ಕಾದ ದಿಕ್ಕು, ಇರುವುದು ನೇರ ಪಶ್ಚಿಮಕ್ಕಲ್ಲ, ಸುಮಾರು 25 ಡಿಗ್ರಿ ಉತ್ತರಕ್ಕೆ ವಾಲಿ. ಜಾವಾದಲ್ಲಿ ಇದು ಹಳೆಯ ನೋವಿನ ವಿಷಯ. 19ನೇ ಶತಮಾನದ ಕೊನೆಯಲ್ಲಿ ಯೋಗ್ಯಕರ್ತದಲ್ಲಿ ಅಹ್ಮದ್ ದಹ್ಲಾನ್ ಮಸೀದಿಯ ಸಾಲುಗಳನ್ನು ಸರಿಯಾದ ಕಿಬ್ಲಾಕ್ಕೆ ತಿರುಗಿಸಲು ಹೋಗಿ ದೊಡ್ಡ ವಿರೋಧ ಕಟ್ಟಿಕೊಂಡಿದ್ದರು. ಮುಂದೆ 1912ರಲ್ಲಿ ಮುಹಮ್ಮದೀಯ ಸಂಘಟನೆ ಕಟ್ಟಿದವರು ಅವರೇ. ಇಸ್ತಿಕ್ಲಾಲ್‌ನ ಮುಖ್ಯ ಕಟ್ಟಡ ಕಿಬ್ಲಾಕ್ಕೆ ನಿಷ್ಠವಾಗಿದೆ. ಮುಂದಿನ ಭಾರೀ ಜಗುಲಿ, ಅದರ ಸುತ್ತಲಿನ ಮೊಗಸಾಲೆ ಮಾತ್ರ ಮೆರ್ದೆಕಾ ಮೈದಾನದ ರಾಷ್ಟ್ರೀಯ ಸ್ಮಾರಕದತ್ತ ತಿರುಗಿವೆ. ಒಂದು ಅಕ್ಷ ಮೆಕ್ಕಾಕ್ಕೆ, ಇನ್ನೊಂದು ಸ್ವಾತಂತ್ರ್ಯದ ಸ್ಮಾರಕಕ್ಕೆ. ಎರಡನ್ನೂ ಒಂದೇ ಗೆರೆಗೆ ಎಳೆಯಲು ಹೋಗಿದ್ದರೆ ಎರಡರಲ್ಲಿ ಒಂದು ಸುಳ್ಳಾಗುತ್ತಿತ್ತು. ಅವು ಕೂಡುವಲ್ಲಿ ಕಟ್ಟಡವೇ ಮಣಿದು ತಿರುಗುತ್ತದೆ. ಮಸೀದಿಯೂ ಆಗಬೇಕು, ದೇಶದ್ದೂ ಆಗಬೇಕು ಎಂಬ ಮೂಲ ಸಮಸ್ಯೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ನನಗೆ ತೋಚುವುದಿಲ್ಲ.

ಸಂಕೇತಗಳ ಲೆಕ್ಕ ಇಲ್ಲಿ ಧಾರಾಳವಾಗಿದೆ. ಗುಮ್ಮಟದ 45 ಸ್ವಾತಂತ್ರ್ಯದ ವರ್ಷಕ್ಕೆ, ಪ್ರವೇಶದ ಕಟ್ಟಡದ ಮೇಲಿನ ಸಣ್ಣ ಗುಮ್ಮಟದ 8 ಮೀಟರ್ ಆಗಸ್ಟ್ ತಿಂಗಳಿಗೆ, 12 ಕಂಬಗಳು ಪ್ರವಾದಿಯವರ ಜನ್ಮದಿನವಾದ ರಬೀಉಲ್ ಅವ್ವಲ್ 12ಕ್ಕೆ, ಐದು ಹಂತಗಳು ಐದು ಹೊತ್ತಿನ ನಮಾಜಿಗೆ. ಮಿನಾರು ಒಂದೇ. ಅಮೃತಶಿಲೆ ಹೊದಿಸಿದ ಅದರ ಮೈ 66.66 ಮೀಟರ್, ಕುರಾನಿನ ವಚನಗಳನ್ನು 6,666 ಎಂದು ಎಣಿಸುವ ರೂಢಿಯನ್ನು ಅನುಸರಿಸಿ. ತುದಿಯ ಉಕ್ಕಿನ ಮುಡಿ 30 ಮೀಟರ್, 30 ಕಾಂಡಗಳಿಗಾಗಿ. ಇಂಥ ಲೆಕ್ಕಗಳು ಹಲವು ಕಡೆ ಕಟ್ಟಡಗಳನ್ನು ಹಾಳುಮಾಡಿವೆ. ಇಲ್ಲಿ ಹಾಗಾಗಲಿಲ್ಲ, ಏಕೆಂದರೆ ಅಂಕಿಗಳು ಅಳತೆಯನ್ನು ನಿಗದಿ ಮಾಡಿದವೇ ಹೊರತು ಜನ ಎಲ್ಲಿಂದ ಬರಬೇಕು, ಎಲ್ಲಿ ನಿಲ್ಲಬೇಕು, ಗಾಳಿ ಎಲ್ಲಿಂದ ಹಾಯಬೇಕು ಎಂಬುದರ ತಂಟೆಗೆ ಬರಲಿಲ್ಲ.

ನಿಂತುಹೋದ ಕೆಲಸ

1961ರ ಆಗಸ್ಟ್ 24ರಂದು, ಪ್ರವಾದಿಯವರ ಜನ್ಮದಿನದಂದು, ಸುಕರ್ಣೊ ಅಡಿಪಾಯದ ಕೆಲಸಕ್ಕೆ ಚಾಲನೆ ಕೊಟ್ಟರು. ಸ್ಪರ್ಧೆ ಮುಗಿದು ಆಗಲೇ ಆರು ವರ್ಷಗಳಾಗಿದ್ದವು. ಅದೇ ಕಾಲಕ್ಕೆ 1962ರ ಏಷ್ಯನ್ ಕ್ರೀಡಾಕೂಟದ ಕ್ರೀಡಾಂಗಣ, ರಾಷ್ಟ್ರೀಯ ಸ್ಮಾರಕ, ಹೋಟೆಲ್ ಎಲ್ಲವೂ ಏಳುತ್ತಿದ್ದವು. ಇದ್ದ ಹಣ, ಸಿಮೆಂಟು, ನುರಿತ ಕೈಗಳು ಎಲ್ಲ ಕಡೆಗೂ ಹಂಚಿಹೋದವು. 1965ರ ಸೆಪ್ಟೆಂಬರ್ ಕೊನೆಯ ರಾಜಕೀಯ ಸ್ಫೋಟ ಮತ್ತು ಅದರ ಬೆನ್ನಿಗೆ ನಡೆದ ಹತ್ಯಾಕಾಂಡದಿಂದ ದೇಶವೇ ಜರ್ಝರಿತವಾಯಿತು. 1966ರ ಹೊತ್ತಿಗೆ ಹಣದುಬ್ಬರ ಶೇಕಡಾ 600 ಮೀರಿತ್ತು. ಮಸೀದಿಯ ಕೆಲಸ ನಿಂತಿತು.

ಮುಂದೇನು ಎಂಬುದು ಇಲ್ಲಿ ಕಠಿಣ ಪ್ರಶ್ನೆ. ಹೊಸ ಆಡಳಿತಕ್ಕೆ ಸುಕರ್ಣೊ ಕಾಲದ ಕನಸುಗಳ ಮೇಲೆ ಪ್ರೀತಿ ಇರಬೇಕಾದ ಕಾರಣವಿರಲಿಲ್ಲ. ನಕ್ಷೆಯನ್ನು ಕಿರಿದು ಮಾಡಬಹುದಿತ್ತು, ವಿನ್ಯಾಸಕಾರರನ್ನೇ ಬದಲಿಸಬಹುದಿತ್ತು. 1960ರ ದಶಕದ ಕೊನೆಯಲ್ಲಿ ಧಾರ್ಮಿಕ ವ್ಯವಹಾರಗಳ ಸಚಿವರ ಮುತುವರ್ಜಿಯಿಂದ ಕೆಲಸ ಮತ್ತೆ ಚುರುಕಾದಾಗ ಅವೆರಡನ್ನೂ ಮಾಡದೆ, ಅದೇ ನಕ್ಷೆಯನ್ನೇ ಮುಂದುವರಿಸಿದರು. 1978ರ ಫೆಬ್ರವರಿ 22ರಂದು ಅಧ್ಯಕ್ಷ ಸುಹಾರ್ತೊ ಮಸೀದಿಯನ್ನು ಉದ್ಘಾಟಿಸಿದರು. ಸುಕರ್ಣೊ ತೀರಿಕೊಂಡು ಎಂಟು ವರ್ಷಗಳಾಗುತ್ತ ಬಂದಿದ್ದವು. ಸಿಲಾಬಾನ್ ಅದನ್ನು ಕಣ್ಣಾರೆ ಕಂಡರು. ಜಾಗದ ವಾದದಲ್ಲಿ ಸೋತಿದ್ದ ಹತ್ತಾ ಅವರೂ ಆಗ ಬದುಕಿದ್ದರು.

ಆದದ್ದೇನು

ಹಬ್ಬದ ದಿನ ಅಂಗಣ, ಉಪ್ಪರಿಗೆ, ಮೊಗಸಾಲೆ, ಜಗುಲಿ ಎಲ್ಲ ಸೇರಿ 1,20,000ಕ್ಕೂ ಹೆಚ್ಚು ಮಂದಿಗೆ ಇಲ್ಲಿ ಜಾಗವಿದೆ ಎನ್ನುತ್ತಾರೆ. ಆಗ್ನೇಯ ಏಷ್ಯಾದಲ್ಲಿ ಇದಕ್ಕಿಂತ ದೊಡ್ಡ ಮಸೀದಿ ಇಲ್ಲ. ಟೀಕೆಗಳೂ ಬಂದವು: ಗುಮ್ಮಟ ನಮ್ಮದಲ್ಲ, ಆಧುನಿಕ ಶೈಲಿಯಲ್ಲಿ ಜಾವಾದ ಮಣ್ಣಿನ ವಾಸನೆ ಇಲ್ಲ ಎಂದು. ಉದ್ಘಾಟನೆ ಮಾಡಿದ ಸುಹಾರ್ತೊ ಅವರೇ 1982ರಲ್ಲಿ ಒಂದು ಪ್ರತಿಷ್ಠಾನ ಸ್ಥಾಪಿಸಿದರು. ಅದು ದೇಶದ ಉದ್ದಗಲಕ್ಕೆ ಕಟ್ಟಿಸಿದ 999 ಮಸೀದಿಗಳ ಮಾದರಿ ಇಸ್ತಿಕ್ಲಾಲ್ ಅಲ್ಲ, ದೆಮಾಕ್‌ನ ಮೂರಂತಸ್ತಿನ ಮಾಡು. ಇದನ್ನು ಇಸ್ತಿಕ್ಲಾಲ್‌ನ ಸೋಲೆಂದು ಕೆಲವರು ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ಊರ ಮಟ್ಟದ ಸಣ್ಣ ಮಸೀದಿಗೆ ಇಳಿಜಾರು ಮಾಡೇ ಅಗ್ಗ, ತಂಪು, ಸ್ಥಳೀಯ ಬಡಗಿ ಮತ್ತು ಗಾರೆಯವರ ಕೈಗೆ ಒಗ್ಗುವಂಥದ್ದು. ಎರಡೂ ಕಡೆ ಕೇಳಿದ ಪ್ರಶ್ನೆ ಗಾಳಿಯದೇ. ಅಳತೆ ಬೇರೆಯಾದ್ದರಿಂದ ಉತ್ತರ ಬೇರೆಯಾಯಿತು.

ಕೆಥೀಡ್ರಲ್ ಜೊತೆಗಿನ ನೆರೆಹೊರೆ ಕಾಗದದ ಮೇಲಿನ ಆಶಯವಾಗಿ ಉಳಿಯಲಿಲ್ಲ. ಅದನ್ನು ಬೆಳೆಸಿದ್ದು ವಾಹನ ನಿಲ್ಲಿಸುವ ಜಾಗದಂಥ ದಿನನಿತ್ಯದ ಸಂಗತಿ. ಕ್ರಿಸ್‌ಮಸ್, ಈಸ್ಟರ್ ದಿನ ಕೆಥೀಡ್ರಲ್‌ಗೆ ಬರುವವರ ಕಾರುಗಳು ಮಸೀದಿಯ ಆವರಣದಲ್ಲಿ ನಿಲ್ಲುತ್ತವೆ. ಈದ್ ನಮಾಜು ಭಾನುವಾರ ಬಿದ್ದರೆ ಕೆಥೀಡ್ರಲ್‌ನವರು ಬೆಳಗಿನ ಪೂಜೆಯ ಹೊತ್ತನ್ನು ಬದಲಿಸಿದ್ದುಂಟು. ಈ ರೂಢಿಯ ಮೇಲೆಯೇ ಎರಡೂ ಆವರಣಗಳನ್ನು ಜೋಡಿಸುವ, ಸುಮಾರು 28 ಮೀಟರ್ ಉದ್ದದ ಸೌಹಾರ್ದ ಸುರಂಗದ ಯೋಚನೆ ಹುಟ್ಟಿ ಕಾರ್ಯರೂಪಕ್ಕೆ ಬಂತು. 2024ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಇಲ್ಲಿಗೆ ಬಂದು ಪ್ರಧಾನ ಇಮಾಮರ ಜೊತೆಗೆ ಜಂಟಿ ಘೋಷಣೆಗೆ ಸಹಿ ಹಾಕಿದರು.

ನಿರ್ವಹಣೆಯ ಕಥೆ ಇಷ್ಟು ಹಿತವಾದದ್ದಲ್ಲ. ಉದ್ಘಾಟನೆಯಾದ ಮೇಲೆ ನಾಲ್ಕು ದಶಕ ಈ ಕಟ್ಟಡಕ್ಕೆ ಸಮಗ್ರ ನವೀಕರಣವೇ ಸಿಗಲಿಲ್ಲ. 2019ರ ಮೇ ತಿಂಗಳಲ್ಲಿ ಆರಂಭವಾದ ಕೆಲಸ 2020ರಲ್ಲಿ ಮುಗಿಯುವಷ್ಟರಲ್ಲಿ 500 ಶತಕೋಟಿ ರೂಪಾಯಿಗೂ (ಅಲ್ಲಿನ ರೂಪಿಯಾ) ಮೀರಿ ಖರ್ಚಾಗಿತ್ತು. ಆದರೆ ಆ ನವೀಕರಣದ ತಂಡ ಮಾಡಿದ ಒಂದು ಆಯ್ಕೆಯನ್ನು ಮೆಚ್ಚಲೇಬೇಕು: ತೆರಪುಗಳಿಗೆ ಗಾಜು ಹಾಕಿ ಇಡೀ ಅಂಗಣವನ್ನು ಹವಾನಿಯಂತ್ರಿತ ಮಾಡುವ ದಾರಿ ಹಿಡಿಯಲಿಲ್ಲ. ಜಾಲರಿ ಜಾಲರಿಯಾಗಿಯೇ ಉಳಿಯಿತು. ದೀಪವ್ಯವಸ್ಥೆ ಬದಲಾಯಿತು, ಮಾಡಿನ ಮೇಲೆ ಸೌರಫಲಕಗಳು ಬಂದವು, ನೀರಿನ ಬಳಕೆ ಕಡಿಮೆಯಾಯಿತು. 2022ರಲ್ಲಿ ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ ಸಂಸ್ಥೆಯ ‘ಎಡ್ಜ್’ ಹಸಿರು ಪ್ರಮಾಣಪತ್ರ ಇದಕ್ಕೆ ಸಿಕ್ಕಿತು, ಜಗತ್ತಿನ ಪ್ರಾರ್ಥನಾಲಯಗಳಲ್ಲಿ ಅದನ್ನು ಪಡೆದ ಮೊದಲನೆಯದು ಇದು. 1955ರ ನಕ್ಷೆಯೊಳಗೇ ತಂಪಿನ ಲೆಕ್ಕ ಸೇರಿಕೊಂಡಿಲ್ಲದಿದ್ದರೆ ಈ ಪ್ರಮಾಣಪತ್ರದ ದಾರಿ ಬಹಳ ದುಬಾರಿಯಾಗುತ್ತಿತ್ತು.

ಬೇರೆಯವರಿಗೆ ಇದರಲ್ಲಿ ಏನಿದೆ

ಈ ಪ್ರಕರಣವನ್ನು ಮುಂದಿಟ್ಟುಕೊಂಡು ಗುಮ್ಮಟದ ವ್ಯಾಸ, ಕಂಬದ ಎಣಿಕೆಯನ್ನು ನಕಲು ಮಾಡುವವರಿಗೆ ಹೆಚ್ಚೇನೂ ದಕ್ಕದು. ನಿರ್ಧಾರಗಳ ಕ್ರಮವನ್ನು ನೋಡಬೇಕು. ಧರ್ಮದ ವಿಷಯದಲ್ಲಿ ಮಾತನಾಡುವ ಅಧಿಕಾರವಿದ್ದವರನ್ನು ಕೊನೆಯಲ್ಲಿ ಒಪ್ಪಿಗೆ ಕೇಳಲು ಕರೆಯಲಿಲ್ಲ, ಆರಂಭದಲ್ಲೇ ತೀರ್ಪುಗಾರರ ಸಾಲಿನಲ್ಲಿ ಕೂರಿಸಿದರು. ಎರಡು ದಿಕ್ಕುಗಳ ಹೊಂದಾಣಿಕೆ ನಕ್ಷೆಯ ಮೇಲೆಯೇ ಆಯಿತು, ಕಟ್ಟಿದ ಮೇಲೆ ಜಮಖಾನೆ ಓರೆಯಾಗಿ ಹಾಸುವ ಪಾಡು ಬರಲಿಲ್ಲ. ಸರ್ಕಾರ ಬದಲಾದರೂ ನಕ್ಷೆ ಬದಲಾಗದಿರಲು ಕಾರಣ ಆ ನಕ್ಷೆಗೆ ಯಾರ ಮುಖವೂ ಅಂಟಿಕೊಂಡಿರಲಿಲ್ಲ ಎಂಬುದೂ ಇರಬಹುದು. ಇದು ನನ್ನ ಊಹೆ, ಆದರೆ ಬಲವಾದ ಊಹೆ.

ಹಾಗೆಂದು ಇಲ್ಲಿನ ಎಲ್ಲವನ್ನೂ ಬೇರೆಡೆಗೆ ಒಯ್ಯಲಾಗದು. ತೆರೆದ ಕಟ್ಟಡಕ್ಕೆ ಸುತ್ತ ಬಯಲು ಬೇಕು. ಅಂಗಡಿಗಳ ನಡುವಿನ ಇಕ್ಕಟ್ಟಾದ ಬೀದಿಯಲ್ಲಿ ನಾಲ್ಕೂ ಕಡೆ ತೆರಪು ಬಿಟ್ಟರೆ ಒಳಗೆ ಬರುವುದು ದೂಳು, ವಾಹನಗಳ ಹೊಗೆ, ಗದ್ದಲ. ಬಯಲಿದ್ದರೂ ತೆರೆದ ಅಂಗಣವನ್ನು ದಿನವೂ ಗುಡಿಸಬೇಕು, ಒರೆಸಬೇಕು, ಹಕ್ಕಿಗಳನ್ನು ಓಡಿಸಬೇಕು, ಮಳೆನೀರು ನಿಲ್ಲದಂತೆ ಕಾಯಬೇಕು. ಗೋಡೆಯಲ್ಲಿ ಉಳಿಸಿದ ಹಣ ವರ್ಷವರ್ಷವೂ ಜನರ ದುಡಿಮೆಗೆ ಸಂದಾಯವಾಗುತ್ತದೆ. ಆ ಬಾಬ್ತನ್ನು ಮೊದಲ ಅಂದಾಜುಪಟ್ಟಿಯಲ್ಲೇ ಸೇರಿಸದ ಸಮಿತಿ ಹತ್ತು ವರ್ಷಗಳ ನಂತರ ತೆರಪುಗಳಿಗೆ ಗಾಜು ಹಾಕಿಸುತ್ತದೆ, ಅದರ ಹಿಂದೆಯೇ ಹವಾನಿಯಂತ್ರಣದ ಯಂತ್ರ ಬರುತ್ತದೆ, ವಿದ್ಯುತ್ ಬಿಲ್ಲು ಬರುತ್ತದೆ. ಸಣ್ಣ ನಿವೇಶನವಿದ್ದವರು ಕಿಬ್ಲಾದ ಕಡೆಯ ಒಂದು ಗೋಡೆಯನ್ನು ಗಟ್ಟಿಯಾಗಿ ನಿಲ್ಲಿಸಿ, ಉಳಿದ ಬದಿಗಳಲ್ಲಿ ಗಾಳಿ ಬರುವ ಎರಡನ್ನು ಗುರುತಿಸಿ ಅವುಗಳಿಗೆ ಮಾತ್ರ ಆಳವಾದ ಮೊಗಸಾಲೆ ಮತ್ತು ಜಾಲರಿ ಕೊಡುವುದು ಕೈಗೆಟುಕುವ ದಾರಿ. ಅದಕ್ಕೂ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಆ ನಿವೇಶನದಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಇರಚಲು ಎಷ್ಟು ಒಳಕ್ಕೆ ಬರುತ್ತದೆ ಎಂದು ಯಾರಾದರೊಬ್ಬರು ನಿಂತು ಬರೆದಿಟ್ಟುಕೊಳ್ಳಬೇಕು.